ಲಂಗರು ಕಟ್ಟದೆ ನಸೀಬನ್ನು ಬೈಯಬೇಡಿ

ಪ್ರಥಮ ಪಿಯುಸಿಯಲ್ಲಿ ವ್ಯವಹಾರ ಅಧ್ಯಯನದ ತರಗತಿಯಲ್ಲಿ ಸಾಗರ ವಿಮೆಯ ಪಾಠ ನಡೆಯುತ್ತಿತ್ತು. ಹಡಗಿನ ವಿಮೆ, ಸರಕಿನ ವಿಮೆ, ಸಾಗಣೆ ದರದ ವಿಮೆ ಎಂದು ಸರ್ ಬೋರ್ಡಿನ ಮೇಲೆ ಮೂರು ವಿಧ ಬರೆದರು. ನಂತರ ಹಿಂದೆ ತಿರುಗಿ, "ನಿಮ್ಮಲ್ಲಿ ಎಷ್ಟು ಜನ ಸಮುದ್ರ ನೋಡಿದ್ದೀರಿ?" ಎಂದು ಕೇಳಿದರು. ಐದಾರು ಕೈ ಮೇಲೆದ್ದವು. "ಲಂಗರು ನೋಡಿದವರು?" ಎಂದಾಗ ಒಂದೂ ಏಳಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಸಾರ್, ಉರುಸ್‌ನಲ್ಲಿ ಲಂಗರ್ ಊಟ ಮಾಡಿದ್ದೇವೆ" ಎಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ತಮಾಷೆಗೆ ಹೇಳಿದ್ದಾದರೂ ಅವನ ಮಾತು ಪೂರ್ತಿ ತಪ್ಪಲ್ಲ. ನಮ್ಮ ಮನೆಯ ಉರ್ದುವಿನ ಲಂಗರ್ ಮತ್ತು ಕನ್ನಡದ ಲಂಗರು ಎರಡೂ ಒಂದೇ ಫಾರಸಿ ಪದದಿಂದ ಬಂದವು. ದರ್ಗಾದ ಅಡುಗೆಮನೆಗೂ ಹಡಗನ್ನು ಹಿಡಿದು ನಿಲ್ಲಿಸುವ ಕಬ್ಬಿಣಕ್ಕೂ ಒಂದೇ ಹೆಸರು. ಬಂದರಿನ ಮಾತಿನಲ್ಲಿ ಇಂಥ ಪದಗಳು ಇನ್ನೂ ಇವೆ. ಹಡಗಿನ ಯಜಮಾನನಿಗೆ ನಾಖುದಾ, ಅದರ ಮೇಲೆ ದುಡಿಯುವವನಿಗೆ ಖಲಾಸಿ. ಮನೆಯಲ್ಲಿ ಒಂದು ಭಾಷೆ, ಕಾಲೇಜಿನಲ್ಲಿ ಒಂದು ಭಾಷೆ ಆಡುವ ನಮ್ಮಂಥವರಿಗೆ ಇಂಥ ಪದ ಸಿಕ್ಕರೆ ಎರಡು ಮನೆಯ ನಡುವೆ ಒಂದು ಬಾಗಿಲು ತೆರೆದ ಹಾಗೆ.

ಈ ಲೇಖನ ಬರೆಯಲು ಕಾರಣ ಪದವಲ್ಲ, ನನ್ನ ಮಾಮುವಿನ ಬಲಗೈ.

ಮಾಮು ಹೊನ್ನಾಳಿಯವರು. ಹುಡುಗರಾಗಿದ್ದಾಗ ತುಂಗಭದ್ರೆಯಲ್ಲಿ ತೆಪ್ಪ ಹಾಕುವುದನ್ನು ಕಲಿತವರು. ಊರಿನಲ್ಲಿ ಕೆಲಸ ಸಾಲದೆ ಕರಾವಳಿಗೆ ಹೋದರು. ಹತ್ತು ವರ್ಷ ಮೀನಿನ ಬೋಟಿನಲ್ಲಿ ಖಲಾಸಿಯಾಗಿದ್ದು, ಆಮೇಲೆ ಪ್ರವಾಸಿಗರನ್ನು ಸುತ್ತಿಸುವ ಒಂದು ಸಣ್ಣ ಹಾಯಿದೋಣಿಗೆ ಸೇರಿದರು. ಇಪ್ಪತ್ತು ಅಡಿ ಉದ್ದದ ದೋಣಿ, ಹಾಯಿಯ ಜೊತೆಗೆ ಸಣ್ಣ ಇಂಜಿನ್ನೂ ಇತ್ತು. ತಿಂಗಳಿಗೆ 12,000 ರೂಪಾಯಿ ಸಂಬಳ. ಬೋಟಿಗಿಂತ ಹಗುರ ಕೆಲಸ ಎಂದು ನಾನಿ ಖುಷಿಪಟ್ಟಿದ್ದರು.

2023ರ ಡಿಸೆಂಬರಿನಲ್ಲಿ ಒಂದು ದಿನ ಅಳಿವೆ ದಾಟಿ ಹೊರಗೆ ಹೋಗುವಾಗ ಎದುರಿನಿಂದ ಅಲೆ ಬಂತು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆ ಯಾವಾಗಲೂ ಕುಪ್ಪಳಿಸಿ ಬರುತ್ತದಂತೆ. ದೋಣಿಯ ಮೂತಿಯ ಮೇಲಿದ್ದ ಎಂಟು ಕೆಜಿ ಲಂಗರನ್ನು ಸುತಲಿಯಂಥ ಒಂದು ಪ್ಲಾಸ್ಟಿಕ್ ದಾರದಿಂದ ಕಟ್ಟಿದ್ದರು. ಬಿಸಿಲಿಗೆ ಆ ದಾರ ಹಪ್ಪಳವಾಗಿತ್ತು. ಮೂರನೇ ಅಲೆಗೆ ದಾರ ಹರಿಯಿತು. ಲಂಗರು ಮೂತಿಯಿಂದ ಜಾರಿ ಕೆಳಗೆ ನೇತಾಡಿ, ದೋಣಿಯ ಹಲಗೆಗೆ ಸುತ್ತಿಗೆಯಂತೆ ಬಡಿಯತೊಡಗಿತು. ಅದರ ಹಿಂದೆ ಸರಪಳಿಯೂ ಓಡಿತು. ಮಾಮು ಓಡಿಹೋಗಿ ಸರಪಳಿಯನ್ನು ಕೈಯಲ್ಲಿ ಹಿಡಿದರು. ಹಿಡಿಯಬಾರದಾಗಿತ್ತು ಎಂದು ಈಗ ಅವರೇ ಹೇಳುತ್ತಾರೆ. ಸರಪಳಿಗೂ ರೋಲರಿಗೂ ನಡುವೆ ಸಿಕ್ಕಿ ಬಲಗೈಯ ಎರಡು ಬೆರಳು ಹೋದವು.

ದೋಣಿಗೆ ವಿಮೆ ಇತ್ತು. ಮೂತಿಯಲ್ಲಿ ಬಿದ್ದ ಸೀಳಿಗೆ ದುಡ್ಡು ಬಂತು. ಕೈಗೆ ಬರಲಿಲ್ಲ. ಮಾಲೀಕರು ಆಸ್ಪತ್ರೆಯ ಬಿಲ್ಲು ಕಟ್ಟಿ, ಕೈಗೆ 10,000 ರೂಪಾಯಿ ಕೊಟ್ಟು, "ಹುಷಾರಾದ ಮೇಲೆ ನೋಡೋಣ" ಎಂದು ಊರಿಗೆ ಕಳಿಸಿದರು. ಮಾಮು ನಮ್ಮ ಮನೆಗೆ ಬಂದಾಗ ಅಮ್ಮಿ ಅತ್ತರು. ಮಾಮು ಮಾತ್ರ, "ನಸೀಬ್ ಮೆ ಥಾ, ಹೋ ಗಯಾ" ಎಂದು ಎಡಗೈಯಲ್ಲಿ ಚಹಾ ಕುಡಿದರು.

ಆ ಮಾತನ್ನು ನಾನು ಗೌರವದಿಂದಲೇ ಒಪ್ಪುವುದಿಲ್ಲ. ಒಪ್ಪದಿರಲು ನಮ್ಮ ದೀನಿನಲ್ಲೇ ಕಾರಣವಿದೆ. ಒಂಟೆಯನ್ನು ಕಟ್ಟಿಹಾಕಲೋ, ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೋ ಎಂದು ಕೇಳಿದವನಿಗೆ, ಮೊದಲು ಕಟ್ಟು, ಆಮೇಲೆ ಭರವಸೆ ಇಡು ಎಂದು ಪ್ರವಾದಿಯವರು (ಸ) ಹೇಳಿದ ಹದೀಸ್ ನಮಗೆಲ್ಲ ಮದರಸಾದಲ್ಲೇ ಗೊತ್ತು. ಕಟ್ಟುವ ಕೆಲಸ ನಮ್ಮದು. ಹರಿದುಹೋಗಬಹುದಾದ ದಾರದಲ್ಲಿ ಕಟ್ಟಿ, ಹರಿದ ಮೇಲೆ ನಸೀಬನ್ನು ಬೈಯುವುದು ಸರಿಯಲ್ಲ.

ಹಾಗಾದರೆ ಸರಿಯಾಗಿ ಕಟ್ಟುವುದು ಹೇಗೆ? ಕಳೆದ ಬೇಸಿಗೆ ರಜೆಯಲ್ಲಿ ಮಾಮು ನನಗೆ ಅಂಗಳದಲ್ಲೇ ತೋರಿಸಿದರು. ಮಂಚದ ಕಾಲು ದೋಣಿಯಾಯಿತು, ಹಳೆಯ ಕುಂಟೆ ಲಂಗರಾಯಿತು. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಬರೆಯುತ್ತೇನೆ.

ಮೊದಲನೆಯದಾಗಿ, ಲಂಗರು ದೋಣಿಯ ಮೂತಿಯಲ್ಲೇ ಏಕೆ ಇರಬೇಕು ಎಂಬುದು. ನಮ್ಮ ಹೊನ್ನಾಳಿಯ ತೆಪ್ಪ ಬುಟ್ಟಿಯಂತೆ ದುಂಡಗಿರುತ್ತದೆ, ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಎಲ್ಲಿ ಬೇಕಾದರೂ ಕಲ್ಲು ಕಟ್ಟಿ ಇಳಿಬಿಡಬಹುದು. ಹಾಯಿದೋಣಿಯ ಮೂತಿ ಚೂಪು, ಎತ್ತರ. ಹಿಂಭಾಗ ಅಗಲ, ತಗ್ಗು. ಮೂತಿಯಿಂದ ಲಂಗರು ಹಾಕಿದರೆ ದೋಣಿ ತಾನಾಗಿ ಗಾಳಿಗೆ ಎದುರಾಗಿ ನಿಂತು ಅಲೆಯನ್ನು ಸೀಳುತ್ತದೆ. ಹಿಂದಿನಿಂದ ಹಾಕಿದರೆ ಅಲೆ ತಗ್ಗಾದ ಭಾಗದ ಮೇಲೆ ಹತ್ತಿ ನೀರು ಒಳಗೆ ತುಂಬುತ್ತದೆ. ಹಾಗಾಗಿ ಲಂಗರಿನ ಜಾಗ ಮೂತಿ. ಆದರೆ ದೋಣಿ ಸಾಗುವಾಗ ಅತಿ ಹೆಚ್ಚು ಏಟು ತಿನ್ನುವ ಜಾಗವೂ ಅದೇ. ಅಲ್ಲಿ ಭಾರದ ಕಬ್ಬಿಣ ಸಡಿಲವಾಗಿರಬಾರದು.

ಎರಡನೆಯದು, ಪಿನ್ನು. ಮೂತಿಯ ರೋಲರಿನ ಮೇಲೆ ಲಂಗರಿನ ದಂಡ ಕೂತಿರುತ್ತದೆ. ರೋಲರಿನ ಎರಡೂ ಕೆನ್ನೆಗೆ ತೂತು ಮಾಡಿ, ದಂಡದ ಮೂಲಕ ಅಥವಾ ಅದರ ಮೇಲಿನಿಂದ ಒಂದು ಉಕ್ಕಿನ ಪಿನ್ನು ದಾಟಿಸಿದರೆ ಲಂಗರು ಮೇಲಕ್ಕೆ ಹಾರುವುದಿಲ್ಲ. ಪಿನ್ನು ಕಳೆದುಹೋಗದಂತೆ ಅದಕ್ಕೊಂದು ದಾರ ಕಟ್ಟಿರಬೇಕು.

ಮೂರನೆಯದು, ಹಗ್ಗ. ಪಿನ್ನೊಂದನ್ನೇ ನಂಬಬಾರದು. ಬೆರಳಿನಷ್ಟು ದಪ್ಪದ ಹಗ್ಗದಿಂದ ಲಂಗರನ್ನು ಹಿಂದಕ್ಕೆ ಬಿಗಿಯಾಗಿ ಎಳೆದು, ದೋಣಿಯ ಮೇಲಿರುವ ಎರಡು ಕೊಂಬಿನ ಕ್ಲೀಟಿಗೆ ಸುತ್ತಬೇಕು. ಅದು ಮುಂದಕ್ಕೂ ಹೋಗಬಾರದು, ಪಕ್ಕಕ್ಕೂ ಆಡಬಾರದು. ಅಲುಗಾಡಿಸಿ ನೋಡಿದಾಗ ಟಕ್ ಎಂಬ ಸದ್ದು ಬಂದರೆ ಇನ್ನೂ ಸಡಿಲ ಇದೆ ಎಂದೇ ಅರ್ಥ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಹಗ್ಗ ಒಣಗಿ ಪುಡಿಯಾಗುವುದರಿಂದ ಆಗಾಗ ಬದಲಿಸಬೇಕು.

ನಾಲ್ಕನೆಯದು, ಸರಪಳಿ. ಲಂಗರು ಗಟ್ಟಿಯಾಗಿದ್ದರೂ ಸರಪಳಿ ತಾನಾಗಿ ಓಡಬಾರದು. ಅದಕ್ಕೆ ಪ್ರತ್ಯೇಕ ಕೊಕ್ಕೆ ಬೇಕು. ಲಂಗರನ್ನೂ ಸರಪಳಿಯನ್ನೂ ಸೇರಿಸುವ ಶ್ಯಾಕಲ್‌ನ ತಿರುಪು ಅಲೆಯ ಅಲುಗಾಟಕ್ಕೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ತಿರುಪಿನ ಕಣ್ಣಿಗೆ ತಂತಿ ಸುತ್ತಿ ಕಟ್ಟಬೇಕು. ಓಡುತ್ತಿರುವ ಸರಪಳಿಗೆ ಯಾರೂ, ಯಾವ ಕಾರಣಕ್ಕೂ ಕೈ ಹಾಕಬಾರದು. ಲಂಗರು ಹೋದರೆ ಹೋಗಲಿ.

ಐದನೆಯದು, ಬಾಲ. ಸರಪಳಿ ಮತ್ತು ಹಗ್ಗದ ಕೊನೆಯ ತುದಿಯನ್ನು ದೋಣಿಯೊಳಗೆ ಗಟ್ಟಿ ಜಾಗಕ್ಕೆ ಕಟ್ಟಿರಬೇಕು. ಇಲ್ಲದಿದ್ದರೆ ಲಂಗರು ಹಾಕಿದ ದಿನ ಎಲ್ಲವೂ ಓಡಿ ನೀರಿಗೆ ಬೀಳುತ್ತದೆ. ಆದರೆ ಆ ಕೊನೆಯನ್ನು ಕಬ್ಬಿಣದಿಂದ ಬಿಗಿಯದೆ ಹಗ್ಗದಿಂದಲೇ ಕಟ್ಟಬೇಕು. ಬಿರುಗಾಳಿಯಲ್ಲಿ ಲಂಗರು ಕಲ್ಲಿಗೆ ಸಿಕ್ಕಿ ದೋಣಿ ಅಪಾಯಕ್ಕೆ ಬಿದ್ದರೆ ಚಾಕುವಿನಿಂದ ಕತ್ತರಿಸಿ ಪಾರಾಗಲು ಅದೊಂದೇ ದಾರಿ.

ಇಷ್ಟೆಲ್ಲ ಬಿಗಿದ ಮೇಲೆ ಮಾಮು ಇನ್ನೊಂದು ಮಾತು ಹೇಳಿದರು. "ಬೇಟಾ, ಬಿಚ್ಚೋಕೆ ಬಾರದ ಹಾಗೆ ಕಟ್ಟಿದರೂ ತಪ್ಪೇ." ದಡದ ಹತ್ತಿರ ಹಾಯಿ ಹರಿದು ಇಂಜಿನ್ನೂ ನಿಂತರೆ ದೋಣಿ ಬಂಡೆಯ ಕಡೆಗೆ ತೇಲುತ್ತದೆ. ಆಗ ಒಂದು ನಿಮಿಷದಲ್ಲಿ ಲಂಗರು ನೀರಿಗೆ ಬೀಳಬೇಕು. ಗಂಟು ಬಿಚ್ಚುತ್ತಾ ಕೂತರೆ ಲಂಗರು ಇದ್ದೂ ಇಲ್ಲದಂತೆ. ನಮ್ಮ ರೈತರು ಎತ್ತು ಕಟ್ಟುವ ಗಂಟು ನೆನಪಿಸಿಕೊಳ್ಳಿ. ಎತ್ತು ಎಷ್ಟು ಎಳೆದರೂ ಅದು ಬಿಚ್ಚುವುದಿಲ್ಲ, ಯಜಮಾನ ತುದಿ ಹಿಡಿದು ಒಮ್ಮೆ ಜಗ್ಗಿದರೆ ಬಿಚ್ಚುತ್ತದೆ. ಲಂಗರಿಗೂ ಅದೇ ಗಂಟು ಬೇಕು. ದೂರ ಸಮುದ್ರಕ್ಕೆ ಹೋಗುವಾಗ ಮಾತ್ರ ಲಂಗರನ್ನು ಬಿಚ್ಚಿ ದೋಣಿಯ ಒಳಗೆ ಇಟ್ಟುಬಿಡುವುದು ವಾಸಿ.

ರೈತರ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸಣ್ಣ ದೋಣಿಗಳಲ್ಲಿ ತುಂಬಾ ಬಳಕೆಗೆ ಬಂದ ಒಂದು ಲಂಗರಿಗೆ ನೇಗಿಲಿನ ಆಕಾರವಿದೆ. ಅದನ್ನು 1933ರಲ್ಲಿ ರೂಪಿಸಿದವರು ಕೇಂಬ್ರಿಜ್‌ನ ವಿಜ್ಞಾನಿ ಜಿ. ಐ. ಟೇಲರ್. ಅವರಿಗೆ ಹಾಯಿದೋಣಿಯ ಹುಚ್ಚಿತ್ತು. ನೆಲದ ಮಟ್ಟದಲ್ಲಿ ಎಳೆದರೆ ನೇಗಿಲು ಮಣ್ಣಿಗೆ ಇಳಿಯುತ್ತದೆ, ಮೇಲಕ್ಕೆ ಎತ್ತಿದರೆ ಸುಲಭವಾಗಿ ಬರುತ್ತದೆ. ಲಂಗರೂ ಹಾಗೆಯೇ ಕೆಲಸ ಮಾಡುತ್ತದೆ. ಲಂಗರು ಹಿಡಿಯುವುದು ಭಾರದಿಂದ ಎಂದು ನಾನು ತಿಳಿದಿದ್ದೆ. ಹೆಚ್ಚಾಗಿ ಅದು ಹಿಡಿಯುವುದು ಎಳೆತದ ಕೋನದಿಂದ. ಅದಕ್ಕೇ ಐದು ಮೀಟರ್ ಆಳದ ನೀರಿನಲ್ಲಿ ಐದು ಮೀಟರ್ ಹಗ್ಗ ಬಿಟ್ಟರೆ ಲಂಗರು ಕಿತ್ತು ಬರುತ್ತದೆ. ಆಳದ ಐದರಿಂದ ಏಳು ಪಟ್ಟು, ಅಂದರೆ 25ರಿಂದ 35 ಮೀಟರ್ ಬಿಡಬೇಕು. ಲಂಗರಿನ ಹತ್ತಿರದ ಭಾಗ ಸರಪಳಿಯಾಗಿದ್ದರೆ ಅದರ ಭಾರಕ್ಕೆ ಎಳೆತ ನೆಲದ ಮಟ್ಟದಲ್ಲೇ ಉಳಿಯುತ್ತದೆ.

ಈಗ ನನ್ನ ವಿಷಯಕ್ಕೆ, ಅಂದರೆ ಲೆಕ್ಕಕ್ಕೆ ಬರುತ್ತೇನೆ. ಒಂದು ಪಿನ್ನು, ನಾಲ್ಕು ಮೀಟರ್ ಒಳ್ಳೆಯ ಹಗ್ಗ, ಒಂದು ಗೇಣು ತಂತಿ. ಮಾಮುವಿನ ಅಂದಾಜಿನಲ್ಲಿ ಎಲ್ಲ ಸೇರಿ ಐನೂರು ರೂಪಾಯಿ ದಾಟುವುದಿಲ್ಲ. ಇನ್ನೊಂದು ಬದಿಯಲ್ಲಿ ಬೆರಳಿನ ಬೆಲೆ ಇಡೋಣ. ಬೆರಳಿಗೆ ಬೆಲೆ ಕಟ್ಟುವುದು ಕೇಳಲು ಕೆಟ್ಟದಾಗಿದೆ, ಆದರೆ ಕಾನೂನು ಕಟ್ಟಿದೆ. 1923ರ ನೌಕರರ ಪರಿಹಾರ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಒಂದೇ ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 20ರಷ್ಟು ನಷ್ಟ ಎಂದಿತ್ತು. ಪೂರ್ತಿ ಅಂಗವೈಕಲ್ಯದ ಪರಿಹಾರವೆಂದರೆ ತಿಂಗಳ ಸಂಬಳದ ಶೇ 60ನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷದವರಿಗೆ ಆ ಅಂಕಿ 184.17. ಮಾಮುವಿಗೆ ಆಗ 40 ತುಂಬಿತ್ತು. 12,000ದ ಶೇ 60 ಎಂದರೆ 7,200. ಅದನ್ನು 184.17ರಿಂದ ಗುಣಿಸಿದರೆ 13,26,024. ಅದರ ಶೇ 20 ಎಂದರೆ ಸುಮಾರು 2,65,205 ರೂಪಾಯಿ.

ಮಾಮುವಿನ ಕೈಗೆ ಬಂದದ್ದು 10,000.

ಈ ಲೆಕ್ಕವನ್ನು ನಾನು ಮೂರು ಸಲ ಮಾಡಿದೆ. ತಪ್ಪಿರಬಹುದೆಂದು ನಮ್ಮ ಅಕೌಂಟೆನ್ಸಿ ಮೇಡಂ ಅವರಿಗೆ ತೋರಿಸಿದೆ. ಅವರೂ ಕ್ಯಾಲ್ಕುಲೇಟರ್ ಒತ್ತಿ ಸುಮ್ಮನಾದರು.

ಪರಿಹಾರ ಕೇಳಲು ಅಪಘಾತವಾದ ದಿನದಿಂದ ಎರಡು ವರ್ಷ ಸಮಯವಿದೆ. ಕೆಲಸ ಮಾಡಿದ ಊರಿಗೇ ಹೋಗಬೇಕಾಗಿಲ್ಲ, ತಾನು ವಾಸಿಸುವ ಕಡೆಯೇ ಅರ್ಜಿ ಹಾಕಬಹುದು. ಕೆಲಸಗಾರ ಸ್ವಲ್ಪ ಎಚ್ಚರ ತಪ್ಪಿದ ಎಂಬ ಒಂದೇ ಮಾತಿಗೆ ಹಕ್ಕು ಹೋಗುವುದಿಲ್ಲ. ನೇಮಕದ ಪತ್ರ ಇಲ್ಲವಲ್ಲ ಎಂದು ಮಾಮು ಹಿಂಜರಿದರು. ಆದರೆ ಪ್ರತಿ ತಿಂಗಳ ಸಂಬಳ ಫೋನ್‌ಪೇಯಲ್ಲಿ ಬಂದಿದೆ. ದಿನಾಂಕ, ಮೊತ್ತ, ಕಳಿಸಿದವರ ಹೆಸರು ಎಲ್ಲವೂ ಅದರಲ್ಲಿದೆ. ಜರ್ನಲ್ ಎಂಟ್ರಿಗೆ ವೋಚರ್ ಬೇಕು ಎಂದು ನಮಗೆ ಕಲಿಸಿದ್ದು ಇಂಥ ದಿನಕ್ಕೇ ಇರಬೇಕು. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ದುಡ್ಡಿಲ್ಲದವರಿಗೆ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಅರ್ಜಿ ಬರೆಯುವಾಗ ಅಪಘಾತವಾಗಿ ಹನ್ನೊಂದು ತಿಂಗಳಾಗಿತ್ತು. ಸಮಯ ಇನ್ನೂ ಇತ್ತು.

ನನ್ನ ಜಗಳೂರಿನ ಗೆಳೆಯ ಈ ಲೇಖನದ ಕರಡು ಓದಿ ನಕ್ಕ. "ನಮ್ಮೂರಲ್ಲಿ ಕುಡಿಯೋಕೇ ನೀರಿರಲಿಲ್ಲ. ನೀನು ದೋಣಿ, ಲಂಗರು ಅಂತ ಬರೀತೀಯಲ್ಲೋ" ಎಂದ. ಅವನ ಪ್ರಶ್ನೆ ಸರಿಯಾದದ್ದೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮಕ್ಕಳಿಗೆ ಲಂಗರು ಏಕೆ?

ಒಂದು, ನೀರು ನಮ್ಮಿಂದ ದೂರವಿಲ್ಲ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ನಾವು ಸೂಳೆಕೆರೆ ಎನ್ನುವುದು, ಏಷ್ಯಾದ ದೊಡ್ಡ ಕೆರೆಗಳ ಸಾಲಿನಲ್ಲಿ ಹೆಸರಾದದ್ದು. ಗುಡ್ಡಗಳ ನಡುವಿನ ಆ ನೀರಿನ ಮೇಲೆ ಮಧ್ಯಾಹ್ನದ ಗಾಳಿ ಎದ್ದರೆ ಮೀನು ಹಿಡಿಯುವವರ ತೆಪ್ಪ ಎಲ್ಲಿಗೆ ಬೇಕಾದರೂ ತೇಲೀತು. ಹೊನ್ನಾಳಿಗೆ ಹೊಳೆ ಇದೆ. ಜಗಳೂರಿಗೂ ತುಂಗಭದ್ರೆಯ ನೀರು ತಂದು 57 ಕೆರೆ ತುಂಬಿಸುವ ಯೋಜನೆ ಬಂದಿದೆ. ನೀರು ಬಂದಲ್ಲಿಗೆ ಮೀನು ಬರುತ್ತದೆ, ಮೀನಿನ ಹಿಂದೆ ತೆಪ್ಪ ಬರುತ್ತದೆ, ತೆಪ್ಪದಲ್ಲಿ ಈಜು ಬಾರದ ಹುಡುಗರೂ ಕೂರುತ್ತಾರೆ. ತೆಪ್ಪದಲ್ಲಿ ಒಂದು ಗಟ್ಟಿ ಹಗ್ಗ, ಅದರ ತುದಿಗೆ ಭಾರದ ಕಲ್ಲು, ಇನ್ನೊಂದು ತುದಿ ತೆಪ್ಪಕ್ಕೆ ಕಟ್ಟಿರುವುದು, ಎಲ್ಲರಿಗೂ ಲೈಫ್ ಜಾಕೆಟ್. ಇಷ್ಟನ್ನು ಕೇಳುವುದು ಹೆಚ್ಚೇನಲ್ಲ.

ಎರಡು, ನಮ್ಮ ಊರುಗಳಿಂದ ಕೆಲಸಕ್ಕೆ ಹೊರಗೆ ಹೋಗುವವರು ಬಹಳ. ಓದು ಬಿಟ್ಟ ನಮ್ಮದೇ ಗೆಳೆಯರು ಬಂದರು, ಗೋದಾಮು, ಕಟ್ಟಡ ಎಂದು ಹೋಗುತ್ತಾರೆ. ಅವರಿಗೆ ಯಂತ್ರ ತೋರಿಸುವವರಿದ್ದಾರೆ. ಅದರ ಅಪಾಯವನ್ನೂ ಅವರ ಹಕ್ಕನ್ನೂ ಹೇಳುವವರು ಕಡಿಮೆ. ವಾಣಿಜ್ಯ ಓದುವ ನಾವು ಅದನ್ನು ಹೇಳದೆ ಇನ್ಯಾರು ಹೇಳಬೇಕು?

ಮೂರು, "ಏನಾಗಲ್ಲ ಬಿಡಪ್ಪ" ಎಂಬ ಮಾತು ಸಮುದ್ರದಲ್ಲಿ ಮಾತ್ರ ಇಲ್ಲ. ಚನ್ನಗಿರಿಯಲ್ಲಿ ಅಡಿಕೆ ಚೀಲ ತುಂಬಿದ ಗಾಡಿಯ ಮೇಲೆ ಹುಡುಗರು ಕೂತು ಹೋಗುವುದನ್ನು, ಮೆಕ್ಕೆಜೋಳದ ಟ್ರಾಲಿಗೆ ಹಗ್ಗವೇ ಕಟ್ಟದಿರುವುದನ್ನು ನಾವು ದಿನಾ ನೋಡುತ್ತೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಗೆ ಹೋಗಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಹೋದರು. ಅಲ್ಲಿ ಲಂಗರಿನ ಪ್ರಶ್ನೆ ಇರಲಿಲ್ಲ, ಮಿತಿ ಮೀರಿ ಜನ ಹತ್ತಿದ್ದರು ಎಂಬ ಮಾತು ಎರಡೂ ಕಡೆ ಕೇಳಿಬಂತು. ಆದರೆ ದಡದಲ್ಲಿ ಎರಡು ನಿಮಿಷ ನಿಂತು ನೋಡುವ ಅಭ್ಯಾಸವಿದ್ದರೆ ಇಂಥವು ಎಷ್ಟೋ ಕಡಿಮೆಯಾಗುತ್ತವೆ.

ವಿಮೆಯ ಪಾಠದ ಕೊನೆಯಲ್ಲಿ ಒಂದು ತತ್ವವಿದೆ, ನಷ್ಟ ತಗ್ಗಿಸುವಿಕೆ. ವಿಮೆ ಮಾಡಿಸಿದವನು ವಿಮೆಯೇ ಇಲ್ಲವೇನೋ ಎಂಬಷ್ಟು ಎಚ್ಚರದಿಂದ ತನ್ನ ಆಸ್ತಿಯನ್ನು ಕಾಪಾಡಬೇಕು. ಪರೀಕ್ಷೆಯಲ್ಲಿ ನಾವೆಲ್ಲ ಇದನ್ನು ಬರೆದಿದ್ದೇವೆ, ಅಂಕವೂ ಬಂದಿದೆ. 1963ರ ಸಾಗರ ವಿಮಾ ಕಾಯ್ದೆಯೂ ಪ್ರಯಾಣದ ಪಾಲಿಸಿಗೆ ಹಡಗು ಸಮುದ್ರಕ್ಕೆ ತಕ್ಕ ಸ್ಥಿತಿಯಲ್ಲಿರಬೇಕು ಎನ್ನುತ್ತದೆ. ದೋಣಿಗೆ ಇಷ್ಟು ಎಚ್ಚರ ಕೇಳುವ ನಾವು ಖಲಾಸಿಯ ಕೈಗೂ ಅಷ್ಟನ್ನು ಕೇಳಬೇಕು.

ಐನೂರು ರೂಪಾಯಿಯನ್ನು ಮಾಲೀಕರು ದುಷ್ಟತನದಿಂದ ಉಳಿಸಿದರು ಎಂದು ನಾನು ಹೇಳುವುದಿಲ್ಲ. ಮಾಮುವೂ ಆ ದಾರವನ್ನು ದಿನಾ ನೋಡಿದ್ದರು, ಕೇಳಿರಲಿಲ್ಲ. ಕೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ ಅವರಿಗೆ. ಇಲ್ಲಿಯವರೆಗೆ ಏನೂ ಆಗಿಲ್ಲವಲ್ಲ ಎಂಬ ಧೈರ್ಯ ಮಾಲೀಕರಿಗೆ. ಆ ಹೆದರಿಕೆಗೂ ಈ ಧೈರ್ಯಕ್ಕೂ ನಡುವೆ ಎರಡು ಬೆರಳು ಹೋದವು.

ಆದ್ದರಿಂದ ನನ್ನ ಕೋರಿಕೆ ಮೂರು. ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ಒಂದು ದಿನವಾದರೂ ಗಂಟು ಕಟ್ಟುವುದು, ನೀರಿನಲ್ಲಿ ಎಚ್ಚರದಿಂದಿರುವುದು, ಪ್ರಥಮ ಚಿಕಿತ್ಸೆ ಇವನ್ನು ಕಲಿಸಲಿ. ಕಲಿಸುವವರನ್ನು ದೂರದಿಂದ ಕರೆಸಬೇಕಾಗಿಲ್ಲ, ಹೊಳೆಯ ದಂಡೆಯ ಅಂಬಿಗರೇ ಸಾಕು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಒಂದು ದಿನ ಸುಳ್ಳು ಮಾಡೋಣ. ಎರಡನೆಯದು, ವಿಮೆಯ ಪಾಠದ ಜೊತೆ ಕೆಲಸಗಾರರ ಪರಿಹಾರದ ಲೆಕ್ಕವನ್ನೂ ಒಂದು ಅವಧಿ ಮಾಡಿಸಲಿ. ಮೂರನೆಯದು ನಿಮ್ಮೆಲ್ಲರಿಗೆ. ನಿಮ್ಮ ಮನೆಯಲ್ಲಿ ಹೊರಗೆ ದುಡಿಯುವ ಮಾಮು, ಚಾಚಾ, ಅಣ್ಣ ಇದ್ದರೆ ಈ ಸಲ ಫೋನ್ ಮಾಡಿದಾಗ ಊಟ ಆಯಿತೇ ಎಂದು ಕೇಳಿದ ಮೇಲೆ, ಕೆಲಸದ ಜಾಗದಲ್ಲಿ ಯಾವ ವಸ್ತು ಸಡಿಲ ಇದೆ ಎಂದೂ ಕೇಳಿ.

ಆಗ ಒಂದು ಭಾನುವಾರ ಮಾಮು ನಮ್ಮ ಮನೆಗೆ ಬಂದಿದ್ದರು. ಅರ್ಜಿಯನ್ನು ನಾನೇ ಕನ್ನಡದಲ್ಲಿ ಬರೆದಿದ್ದೆ. ಓದಿ ಹೇಳಿದೆ, ಉರ್ದುವಿನಲ್ಲಿ ಅರ್ಥ ಬಿಡಿಸಿದೆ. 2,65,205 ಎಂಬ ಅಂಕಿ ಬಂದಾಗ ಮತ್ತೊಮ್ಮೆ ಓದು ಎಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ಕೇಳಿದರು. ಉಳಿದ ಬೆರಳುಗಳಲ್ಲಿ ಪೆನ್ನು ಹಿಡಿಯಲು ಕಷ್ಟವಾಗಿ, ಎಡಗೈಗೆ ಬದಲಿಸಿಕೊಂಡು, ನಿಧಾನವಾಗಿ ಸಹಿ ಹಾಕಿದರು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ